ನುಗ್ಗೆಯ ಕಸುವು ಎಲ್ಲಿತ್ತು?

ಪ್ರಪಂಚ ಆಗತಾನೆ ಹುಟ್ಟಿತ್ತು, ಮಗಾ. ಬೆಟ್ಟ ಮುಟ್ಟಿದರೆ ಕೈಗೆ ಹಸಿ ಮಣ್ಣು ಮೆತ್ತಿಕೊಳ್ಳುತ್ತಿತ್ತು. ಮರಗಳಿದ್ದವು, ಬಳ್ಳಿಗಳಿದ್ದವು, ಆನೆ, ಇರುವೆ, ಹಕ್ಕಿ, ಮನುಷ್ಯರು ಎಲ್ಲರೂ ಇದ್ದರು. ಕೈಕಾಲು, ಎಲೆ, ಕೊಂಬೆ ಎಲ್ಲ ಸರಿಯಾಗಿಯೇ ಇದ್ದವು. ಇಲ್ಲದೆ ಇದ್ದದ್ದು ಒಂದೇ. ಕಸುವು.

ಕಸುವು ಇಲ್ಲದಿದ್ದರೆ ಏನಾಗುತ್ತೆ ಅಂತೀಯಾ? ಹುಂಜ ಬೆಳಗ್ಗೆ ಎದೆ ಉಬ್ಬಿಸಿ ಬಾಯಿ ತೆಗೆಯುತ್ತಿತ್ತು. ಕೂಗಿನ ಬದಲು ಒಂದು ಆಕಳಿಕೆ ಬರುತ್ತಿತ್ತು. ಹೀರೇಬಳ್ಳಿ ಚಪ್ಪರದ ಬುಡದಲ್ಲಿ ಕೂತು ಮೇಲೆ ನೋಡಿ, "ನಾಳೆ ಹತ್ತೋಣ" ಅನ್ನುತ್ತಿತ್ತು. ಹೊಳೆ ಒಂದು ತಿರುವಿನ ತನಕ ಹರಿದು, ಅಲ್ಲೇ ಬಂಡೆಗೆ ಒರಗಿ ಕೂತುಬಿಡುತ್ತಿತ್ತು. ಸೊಳ್ಳೆ ತೋಳಿನ ಮೇಲೆ ಬಂದು ಕೂತರೆ ಕಚ್ಚಲಾರದೆ ನಿದ್ದೆ ಹೋಗುತ್ತಿತ್ತು. ಅದೊಂದು ಮಾತ್ರ ಚೆನ್ನಾಗಿತ್ತು ಅನ್ನು.

ಆಗ ಮುದ್ದಜ್ಜಿ ಅಂತ ಒಬ್ಬಳಿದ್ದಳು. ಅವಳ ಗಂಡ ಜವರಪ್ಪ. ಪ್ರಪಂಚವೇ ಹೊಸದಾಗಿದ್ದಾಗ ಇವರು ಹೇಗೆ ಮುದುಕರಾದರು ಅಂತ ಕೇಳಬೇಡ. ಅಜ್ಜಿ ಅಜ್ಜ ಇಲ್ಲದೆ ಕತೆ ಶುರುವಾಗುವುದಿಲ್ಲ ಅಂತ ಅವರನ್ನು ಮಾಡುವಾಗಲೇ ಮುದುಕರಾಗಿ ಮಾಡಿದ್ದರು.

ಮುದ್ದಜ್ಜಿ ರಾಗಿ ಬೀಸೋಕೆ ಕೂತರೆ ಕಲ್ಲು ಅರ್ಧ ಸುತ್ತು ತಿರುಗುತ್ತಿತ್ತು. ಉಳಿದ ಅರ್ಧ ಸುತ್ತಿಗೆ ಜವರಪ್ಪ ಬರಬೇಕು. ಜವರಪ್ಪ ಜಗಲಿಯಿಂದ ಬೀಸೋ ಕಲ್ಲಿನ ತನಕ ಬರೋ ಹೊತ್ತಿಗೆ ಸೋಮವಾರ ಹೋಗಿ ಗುರುವಾರ ಆಗಿರುತ್ತಿತ್ತು.

"ಹೀಗೇ ಆದರೆ ಮುದ್ದೆ ಉಣ್ಣೋದು ಯಾವಾಗ?" ಅಂದಳು ಮುದ್ದಜ್ಜಿ. ಅಂಗಳಕ್ಕೆ ಹೋಗಿ, ನೆಲಕ್ಕೆ ಬಾಯಿ ಇಟ್ಟು ಕೂಗಿದಳು. "ನೆಲದವ್ವಾ! ಎಲ್ಲ ಕೊಟ್ಟೆ, ಎದ್ದು ನಿಲ್ಲೋದು ಕೊಡಲಿಲ್ಲವಲ್ಲೇ!"

ನೆಲದವ್ವ ಒಳಗಿನಿಂದ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ಮರೆತೇಬಿಟ್ಟೆ ಕಣೇ ಮುದ್ದಿ. ಒಲೆ ಮೇಲೇ ಬಿಟ್ಟು ಬಂದಿದ್ದೀನಿ."

ಮಾರನೇ ದಿನ ಬಯಲಿನ ನಡುವೆ ನೆಲ ಬಾಯಿ ಬಿಟ್ಟಿತು. ಒಳಗಿನಿಂದ ಒಂದು ದೊಡ್ಡ ಕೊಪ್ಪರಿಗೆ ಮೇಲೆ ಬಂತು. ಅದರ ತುಂಬ ಕೆಂಪಗೆ, ಬಿಸಿಬಿಸಿಯಾಗಿ, ಅಂಬಲಿಯ ಹಾಗೆ ಕುದಿಯುತ್ತಿತ್ತು ಕಸುವು.

"ಒಬ್ಬೊಬ್ಬರಿಗೆ ಒಂದೊಂದು ಸೌಟು," ಅಂದಳು ನೆಲದವ್ವ. "ಆನೆಗೂ ಒಂದೇ, ಇರುವೆಗೂ ಒಂದೇ. ಎಲ್ಲಿ ಇಟ್ಟುಕೊಳ್ತೀರೋ ನಿಮ್ಮಿಷ್ಟ. ಆಮೇಲೆ ಬಂದು ಇನ್ನೊಂದು ಸೌಟು ಅಂದರೆ ಸೌಟಿನಲ್ಲೇ ಕೊಡ್ತೀನಿ."

ಬಯಲಿನ ಉದ್ದಕ್ಕೂ ಸಾಲು ನಿಂತಿತು. ನಿಂತಿತು ಅಂದರೆ, ಒಬ್ಬರಿಗೊಬ್ಬರು ಒರಗಿಕೊಂಡರು.

ಮೊಲ ಕುಡಿಯಿತು. "ನನಗೆ ಹಿಂಗಾಲಿಗೆ ಇರಲಿ," ಅಂತು. ಅಲ್ಲಿಂದಲೇ ನೆಗೆದು ಕಾಣದಾಯಿತು.

ಹುಂಜ ಕುಡಿಯಿತು. "ನನಗೆ ಗಂಟಲಿಗೆ."

"ರೆಕ್ಕೆಗೂ ಸ್ವಲ್ಪ ಬಿಡೋ," ಅಂದಳು ನೆಲದವ್ವ.

"ಬೇಡ ಬೇಡ, ಎಲ್ಲಾ ಗಂಟಲಿಗೆ!" ಅಂತ ಹುಂಜ ಅಲ್ಲೇ ಕೂಗಿತು ನೋಡು, ಹಿಂದೆ ನಿಂತಿದ್ದ ಎಮ್ಮೆ ಬೆಚ್ಚಿ ಸಾಲಿನಿಂದ ಹೊರಗೆ ಹೋಯಿತು.

ಹುಣಸೆ ಬಂತು. ಸೌಟನ್ನು ಎರಡು ಕೈಯಲ್ಲಿ ಹಿಡಿದು, ಊದಿ ಊದಿ, ಒಂದೊಂದೇ ಗುಟುಕು ಕುಡಿಯಿತು. "ನನಗೆ ಮೂಳೆಗೆ ಇಳಿಯಲಿ ಅವ್ವ. ಗಟ್ಟಿಯಾಗಿ. ಅವಸರ ಇಲ್ಲ."

ಹುಣಸೆಯ ಹಿಂದೆ ಒಂದು ಕಡ್ಡಿಯಂಥ ಗಿಡ. ನುಗ್ಗೆ. ಕಸುವು ಇಲ್ಲದಿದ್ದರೂ ಅದಕ್ಕೆ ನಿಂತಲ್ಲಿ ನಿಲ್ಲೋಕೆ ಆಗುತ್ತಿರಲಿಲ್ಲ. ಹುಣಸೆ ಪಕ್ಕದಿಂದ ಇಣುಕಿ, ಮೇಲಿನಿಂದ ಇಣುಕಿ, "ಆಯ್ತಾ? ಈಗ ಆಯ್ತಾ?" ಅಂತ ಕೇಳಿದ್ದೇ ಕೇಳಿದ್ದು. ಸರದಿ ಬಂದ ಕೂಡಲೇ ಸೌಟು ಕಸಿದುಕೊಂಡು ಒಂದೇ ಉಸಿರಿಗೆ ಗಟಗಟ ಕುಡಿದು, ನಾಲಿಗೆ ಸುಟ್ಟುಕೊಂಡು ಕುಣಿಯಿತು.

"ಎಲ್ಲಿ ಇಟ್ಕೊಳ್ತೀಯೋ?" ಅಂದಳು ನೆಲದವ್ವ.

"ಎಲ್ಲಿ ಅಂತ ಯೋಚನೆ ಮಾಡೋಕೆ ಹೊತ್ತಿಲ್ಲ ಅವ್ವ, ನಾನು ಬೆಳೀಬೇಕು!" ಅಂತ ನುಗ್ಗೆ ಕುಣಿಯುತ್ತಲೇ ಓಡಿತು. ಒಳಗೆ ಹೋದ ಕಸುವಿಗೂ ಎಲ್ಲಿ ಕೂರಬೇಕು ಅಂತ ಯಾರೂ ಹೇಳಲಿಲ್ಲ. ಅದು ಬುಡಕ್ಕೆ ಹೋಯಿತು, ತುದಿಗೆ ಬಂತು, ಮತ್ತೆ ಬುಡಕ್ಕೆ ಹೋಯಿತು.

ನುಗ್ಗೆ ಓಡಿಬಂದು ನಿಂತದ್ದು ಮುದ್ದಜ್ಜಿಯ ಹಿತ್ತಲಲ್ಲಿ. ಹುಣಸೆ ಗೋಡೆಯ ಆಚೆ ಬೇರು ಬಿಟ್ಟಿತು.

ವಾರ ಕಳೆಯುವುದರೊಳಗೆ ನುಗ್ಗೆ ಗೋಡೆ ದಾಟಿತು. ತಿಂಗಳಲ್ಲಿ ಸೂರು ಮುಟ್ಟಿತು. ಮೂರು ತಿಂಗಳಲ್ಲಿ ಮೇಲಿನಿಂದ ಬಗ್ಗಿ ಕೇಳಿತು. "ಹುಣಸೆಣ್ಣಾ, ಎಲ್ಲಿದ್ದೀಯಾ? ಕಾಣ್ತಾ ಇಲ್ಲ!"

ಹುಣಸೆಗೆ ಅಷ್ಟು ದಿನಕ್ಕೆ ಹೊಸದಾಗಿ ನಾಲ್ಕು ಎಲೆ ಬಂದಿತ್ತು. ಅದು ಬೆಳಗ್ಗೆ "ನಿ" ಅಂತು. ಮಧ್ಯಾಹ್ನ "ಧಾ" ಅಂತು. ಸಂಜೆ ಹೊತ್ತಿಗೆ "ನ" ಅಂತು.

"ಕಸುವು ಅಂದರೆ ಇದು!" ಅಂತ ನುಗ್ಗೆ ತಲೆ ಕುಣಿಸಿತು. ಬಿಳಿ ಹೂವು ಸುರಿಸಿತು. ಆಮೇಲೆ ಉದ್ದುದ್ದ ಕಾಯಿ ಇಳಿಬಿಟ್ಟಿತು. ಮುದ್ದಜ್ಜಿಗೆ ಅದನ್ನು ಕಂಡರೆ ಪ್ರಾಣ. ಸೊಪ್ಪು ಕಿತ್ತರೆ ಸಾರು, ಹೂವು ಉದುರಿದರೆ ಪಲ್ಯ.

ಒಂದು ದಿನ ಅವಳು ಅಂದಳು, "ಕೇಳಿದ್ರಾ? ಮೇಲೆ ನಾಲ್ಕು ಕಾಯಿ ಬಲಿತಿವೆ. ಹುಳಿಗೆ ಬೇಕಿತ್ತು."

ಜವರಪ್ಪ ತನ್ನ ಸೌಟು ಕಸುವನ್ನು ಮೊಣಕಾಲಿಗೆ ಇಟ್ಟುಕೊಂಡಿದ್ದ. ಅದರ ಮೇಲೆ ಅವನಿಗೆ ಬಹಳ ಹೆಮ್ಮೆ. "ಹತ್ತಿ ಕಿತ್ತುಕೊಡ್ತೀನಿ," ಅಂತ ಪಂಚೆ ಎತ್ತಿ ಕಟ್ಟಿದ. ಆದರೂ ಬುಡದಲ್ಲಿ ನಿಂತು ಒಂದು ಮಾತು ಕೇಳಿದ. "ಏನೋ, ನನ್ನ ಭಾರ ತಡೀತೀಯಾ?"

"ಅಜ್ಜ, ನೀನು ಹತ್ತು! ಬೇಕಾದರೆ ಎಮ್ಮೇನೂ ಕರ್ಕೊಂಡು ಬಾ!" ಅಂತು ನುಗ್ಗೆ.

ಜವರಪ್ಪ ಒಂದು ಕೊಂಬೆ ಹತ್ತಿದ. ಎರಡನೇ ಕೊಂಬೆ ಹತ್ತಿದ. ಮೂರನೇ ಕೊಂಬೆಯ ಮೇಲೆ ಕಾಲಿಟ್ಟು ಕಾಯಿಗೆ ಕೈ ಚಾಚಿದ.

ಪಟ್!

ಕೊಂಬೆ ಮುರಿಯಿತು. ಮೂರನೆಯದು ಎರಡನೆಯದರ ಮೇಲೆ ಬಿತ್ತು, ಎರಡನೆಯದು ಒಂದನೆಯದರ ಮೇಲೆ ಬಿತ್ತು. ಎಲ್ಲ ಸೇರಿ ಎಳೆದ ಎಳೆತಕ್ಕೆ ಕಾಂಡವೇ ಅರ್ಧಕ್ಕೆ ಮುರಿದು ನೆಲಕ್ಕೆ ಒರಗಿತು. ಜವರಪ್ಪ ಗಾಳಿಯಲ್ಲಿ ಒಂದು ಸುತ್ತು ಹಾಕಿ ತಿಪ್ಪೆಯ ನಡುವೆ ಹೋಗಿ ಕೂತ. ಕೈಯಲ್ಲಿ ಕಾಯಿ ಮಾತ್ರ ಬಿಟ್ಟಿರಲಿಲ್ಲ.

ಹುಂಜ ಗೋಡೆ ಮೇಲೆ ನಿಂತು ಊರಿಗೆಲ್ಲ ಸಾರಿತು. "ನುಗ್ಗೆ ಬಿತ್ತು! ಜವರಪ್ಪ ಬಿದ್ದ! ತಿಪ್ಪೆಗೆ ಬಿದ್ದ!"

ಮೂಳೆ ಮುರಿದಿರಲಿಲ್ಲ. ಆದರೆ ಸೊಂಟ ಹಿಡಿದುಕೊಂಡಿತ್ತು. ಮುದ್ದಜ್ಜಿ ಅವನನ್ನು ಎಳೆದು ತಂದು, ತೊಳೆದು, ಜಗಲಿಯ ಮೇಲೆ ಚಾಪೆ ಹಾಸಿ ಮಲಗಿಸಿದಳು. ಜವರಪ್ಪ ಸೂರು ನೋಡುತ್ತ ಅಂದ, "ಆ ದರಿದ್ರದ್ದನ್ನು ತುಂಡು ಮಾಡಿ ಒಲೆಗೆ ಹಾಕು."

ಮುದ್ದಜ್ಜಿ ಕೊಡಲಿ ಹಿಡಿದು ಹಿತ್ತಲಿಗೆ ಬಂದಳು. ನುಗ್ಗೆ ನೆಲಕ್ಕೆ ಮುಖ ಮಾಡಿ ಬಿದ್ದಿತ್ತು. ಎಲೆಯೆಲ್ಲ ಬಾಡಿತ್ತು.

"ಅಜ್ಜೀ," ಅಂತು ಸಣ್ಣ ದನಿಯಲ್ಲಿ. "ಅಜ್ಜನಿಗೆ ಬಹಳ ಪೆಟ್ಟಾಯ್ತಾ?"

"ಸೊಂಟ ಹಿಡಿದಿದೆ."

"ನನಗೆ ಕಸುವೇ ಇರಲಿಲ್ವಾ ಅಜ್ಜಿ? ಬರೀ ಬಾಯಿ ಮಾತಾ?"

ಮುದ್ದಜ್ಜಿ ಸುಳ್ಳು ಹೇಳುವವಳಲ್ಲ. "ಗೊತ್ತಿಲ್ಲ ಮಗ," ಅಂದಳು. ಕೊಡಲಿ ಎತ್ತಿದಳು. ಎತ್ತುವಾಗ ಮುಖ ಆ ಕಡೆ ತಿರುಗಿಸಿಕೊಂಡಳು.

ತುಂಡುಗಳನ್ನು ಒಲೆಗೆ ಹಾಕಿದರೆ ಉರಿಯಬೇಡವೇ? ಬುಸ್ ಅಂತ ಹೊಗೆ ಬಂತು. ಅಡುಗೆಮನೆ ತುಂಬ ಹೊಗೆ, ಮುದ್ದಜ್ಜಿಯ ಕಣ್ಣ ತುಂಬ ನೀರು. ಸಾರು ಮಾತ್ರ ತಣ್ಣಗೇ ಇತ್ತು.

"ನಿಲ್ಲೋಕೂ ಬಾರದು, ಉರಿಯೋಕೂ ಬಾರದು," ಅಂತ ಜಗಲಿಯಿಂದ ಕೆಮ್ಮಿದ ಜವರಪ್ಪ.

ಮುದ್ದಜ್ಜಿಗೆ ಬಿಸಾಡೋಕೆ ಮನಸ್ಸಾಗಲಿಲ್ಲ. ಒಂದು ತುಂಡನ್ನು ಬಟ್ಟೆ ಒಣಹಾಕೋ ಹಗ್ಗಕ್ಕೆ ಗೂಟ ಮಾಡಿ ಅಂಗಳದಲ್ಲಿ ಹುಗಿದಳು. ಒಂದನ್ನು ಕರು ಕಟ್ಟೋಕೆ ನೆಟ್ಟಳು. ಒಂದನ್ನು ಬಚ್ಚಲಿನ ಹಿಂದೆ, ತಡಿಕೆ ಬೀಳದ ಹಾಗೆ ಆನಿಸಿ ನಿಲ್ಲಿಸಿದಳು. ಹಿತ್ತಲಲ್ಲಿ ಉಳಿದದ್ದು ಒಂದು ಮೋಟು ಬುಡ.

ಜವರಪ್ಪ ಚಾಪೆ ಬಿಟ್ಟು ಏಳಲೇ ಇಲ್ಲ. ನಾಲ್ಕು ದಿನ ಆಯಿತು, ಎಂಟು ದಿನ ಆಯಿತು. ಸೊಂಟದ ಬಾವು ಇಳಿಯಿತು. ನೋವೂ ಕಡಿಮೆಯಾಯಿತು.

"ಏಳಿ, ಎದ್ದು ಕೂತ್ಕೊಳಿ," ಅನ್ನುತ್ತಿದ್ದಳು ಮುದ್ದಜ್ಜಿ.

"ನನ್ನ ಸೌಟು ಖಾಲಿ ಆಯ್ತು ಕಣೇ," ಅನ್ನುತ್ತಿದ್ದ ಜವರಪ್ಪ. "ಬಿದ್ದಾಗ ಚೆಲ್ಲಿಹೋಯ್ತು. ನೆಲದವ್ವ ಇನ್ನೊಂದು ಕೊಡೋದಿಲ್ಲ."

ಮುದ್ದಜ್ಜಿಗೆ ಈಗ ನಿಜವಾಗಿ ಹೆದರಿಕೆ ಆಯಿತು. ಮುದ್ದೆ ಕಟ್ಟಿ ತಂದರೆ ಒಂದು ತುತ್ತು ನುಂಗಿ ಗೋಡೆ ಕಡೆ ತಿರುಗುತ್ತಿದ್ದ. ಬಯ್ದರೂ ತಿರುಗಿ ಬಯ್ಯುತ್ತಿರಲಿಲ್ಲ. ಮದುವೆಯಾದಾಗಿನಿಂದ ಹಾಗೆ ಆಗಿರಲೇ ಇಲ್ಲ.

ಒಂದು ಬೆಳಗ್ಗೆ ಅವನು ಅಂಗಳ ನೋಡುತ್ತ ಮಲಗಿದ್ದ. ಹಗ್ಗದ ಮೇಲೆ ಅವನ ಪಂಚೆ ಒಣಗುತ್ತಿತ್ತು.

"ಮುದ್ದೀ, ನನ್ನ ಪಂಚೆ ಮೇಲೆ ಮಿಡತೆ ಕೂತಿದೆ. ಓಡಿಸು, ತೂತು ಮಾಡೀತು."

ಮುದ್ದಜ್ಜಿ ಹೋಗಿ ನೋಡಿದಳು. ಬಗ್ಗಿ ನೋಡಿದಳು. "ಮಿಡತೆ ಅಲ್ಲ. ಚಿಗುರು."

"ನನ್ನ ಪಂಚೆ ಚಿಗುರಿತಾ?"

"ಪಂಚೆ ಅಲ್ಲ ಕಣ್ರೀ, ಗೂಟ!"

"ಸತ್ತ ಗೂಟ ಚಿಗುರುತ್ತಾ? ಮಿಡತೆನೇ ಅದು," ಅಂತ ಜವರಪ್ಪ ಹಟ ಹಿಡಿದ. ಮುದ್ದಜ್ಜಿ ಒಳಗೆ ಹೋದ ಮೇಲೆ ಮೆಲ್ಲಗೆ ಕರೆದ. "ಏನೋ, ಎದ್ದೆಯಾ?"

ಗೂಟ ನಿದ್ದೆಗಣ್ಣಿನ ದನಿಯಲ್ಲಿ ಹೇಳಿತು. "ಇಲ್ಲ ಅಜ್ಜ. ಒಂದು ಕಣ್ಣು ಬಿಟ್ಟೆ, ಅಷ್ಟೆ."

ಮಾರನೇ ದಿನ ಮಿಡತೆ ಎರಡಾಯಿತು. ಜವರಪ್ಪ ಗೋಡೆಗೆ ಒರಗಿ ಕೂತಿದ್ದ. "ಎದ್ದದ್ದಲ್ಲ," ಅಂದ ಮುದ್ದಜ್ಜಿಗೆ. "ಸರಿಯಾಗಿ ಕಾಣ್ಲಿ ಅಂತ."

ಅದರ ಮಾರನೇ ದಿನ ಎಲೆ ಬಿಚ್ಚಿತು. ಜವರಪ್ಪ ಜಗಲಿಯ ಅಂಚಿಗೆ ಬಂದಿದ್ದ. "ಕಂಬ ಅಡ್ಡ ಬರ್ತಿತ್ತು," ಅಂದ.

ನಾಲ್ಕನೇ ದಿನ ಪಕ್ಕದ ಮನೆಯ ಮೇಕೆ ಬಂತು. ಮೇಕೆ ತನ್ನ ಕಸುವನ್ನೆಲ್ಲ ಹಲ್ಲಿಗೆ ಇಟ್ಟುಕೊಂಡಿತ್ತು. ಅತ್ತ ನೋಡಿತು, ಇತ್ತ ನೋಡಿತು, ಮುಂಗಾಲೆತ್ತಿ ಗೂಟಕ್ಕೆ ಆನಿಸಿ ಬಾಯಿ ಹಾಕಿತು.

"ಥೂ ನಿನ್ನ! ಬಿಡೇ ಅದನ್ನ!"

ಆ ಕೂಗಿಗೆ ಮುದ್ದಜ್ಜಿ ಒಲೆಯ ಮುಂದಿನಿಂದ ಎದ್ದು ಓಡಿಬಂದಳು. ನೋಡುತ್ತಾಳೆ, ಅಂಗಳದಲ್ಲಿ ಮೇಕೆ ಓಡುತ್ತಿದೆ. ಮೇಕೆಯ ಹಿಂದೆ ಜವರಪ್ಪ ಓಡುತ್ತಿದ್ದಾನೆ. ಒಂದು ಸುತ್ತು, ಎರಡು ಸುತ್ತು. ಮೇಕೆ ಗೋಡೆ ಹಾರಿತು. ಜವರಪ್ಪನೂ ಹಾರೋಕೆ ಕಾಲೆತ್ತಿದ.

"ಅಲ್ಲಾ," ಅಂದಳು ಮುದ್ದಜ್ಜಿ, "ನೀವು ಓಡ್ತಾ ಇದ್ದೀರಿ."

"ಯಾರು? ನಾನಾ?" ಜವರಪ್ಪ ನಿಂತು ತನ್ನ ಕಾಲು ನೋಡಿಕೊಂಡ. ಎತ್ತಿದ ಕಾಲನ್ನು ಇಳಿಸಿದ. "ಮೇಕೆ ಓಡಿಸಿತು," ಅಂದ.

ಆಮೇಲೆ ಗೂಟದ ಹತ್ತಿರ ಹೋಗಿ ಮಂಡಿಯೂರಿ ಕೂತ. ಒಂದು ಎಲೆಯೂ ಉಳಿದಿರಲಿಲ್ಲ. ಜವರಪ್ಪನ ಗಡ್ಡ ನಡುಗಿತು. "ಕಷ್ಟಪಟ್ಟು ಎದ್ದಿತ್ತು ಕಣೇ. ತಿಂದುಬಿಡ್ತು."

"ಅಳಬೇಡ ಅಜ್ಜ," ಅಂತು ಗೂಟ. "ಕೆಳಗೆ ಇನ್ನೊಂದು ಕಣ್ಣಿದೆ."

"ನನಗೂ ಇದೆ!" ಅಂತು ಕರುವಿನ ಗೂಟ. "ಕರು ನೆಕ್ಕಿ ನೆಕ್ಕಿ ಕಚಗುಳಿ ಆಗ್ತಿದೆ!"

"ಅಜ್ಜೀ, ನಾನಿಲ್ಲಿ!" ಅಂತ ಬಚ್ಚಲಿನ ಹಿಂದಿನಿಂದ ಬಂತು ಕೂಗು. ಅಲ್ಲಿ ನೀರು ಚೆನ್ನಾಗಿ ಸಿಗುತ್ತಿತ್ತು, ಆಗಲೇ ಮೊಣಕೈಯುದ್ದ ಚಿಗುರಿತ್ತು. "ಹಿತ್ತಲಲ್ಲಿರೋ ಬುಡಾನೂ ನಾನೇ!"

"ನಾನು ನಾನು!"

"ನೀನಲ್ಲ, ನಾನು ನಾನು!"

ನಾಲ್ಕು ನುಗ್ಗೆಗಳು ನಾಲ್ಕು ಮೂಲೆಯಿಂದ ಜಗಳ ಆಡಿದವು. ಮುದ್ದಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ಬಿದ್ದು ಬಿದ್ದು ನಕ್ಕಳು.

ಎಲ್ಲರಿಗೂ ನಗು ಬರಲಿಲ್ಲ. ಹುಂಜ ಗೋಡೆ ಹತ್ತಿ ಕೂಗಿತು. "ಕಳ್ಳತನ! ಒಬ್ಬರಿಗೆ ಒಂದು ಸೌಟು! ನಾಲ್ಕು ಜನ ಆಗಿದ್ದಾನೆ ಅಂದರೆ ನಾಲ್ಕು ಸೌಟು ಕುಡಿದಿದ್ದಾನೆ!"

ಬಯಲಿನಲ್ಲಿ ಮತ್ತೆ ಎಲ್ಲರೂ ಸೇರಿದರು, ಮರಗಳು ಬೇರು ಎತ್ತಿಕೊಂಡೇ ಬಂದವು. ನಾಲ್ಕೂ ನುಗ್ಗೆಗಳು ಒಂದಕ್ಕೊಂದು ಒತ್ತಿಕೊಂಡು ನಿಂತವು. ಕದ್ದದ್ದು ನಿಜವಾದರೆ ಕಸುವನ್ನು ವಾಪಸು ಹಿಂಡಿ ತೆಗೆಯಬೇಕು ಅಂತ ಎಮ್ಮೆ ಹೇಳಿತು. ಹೌದು ಹೌದು ಅಂತ ಮೇಕೆಯೂ ಹೇಳಿತು.

ನೆಲದವ್ವ ಹುಣಸೆಯನ್ನು ಕೇಳಿದಳು. "ಸಾಲಿನಲ್ಲಿ ಅವನ ಮುಂದೆಯೇ ನಿಂತವನು ನೀನು. ಎಷ್ಟು ಸೌಟು ಕುಡಿದ?"

ಹುಣಸೆ ಯೋಚಿಸಿತು. ಎಲ್ಲರೂ ಕಾದರು. ಮುದ್ದಜ್ಜಿ ಮನೆಗೆ ಹೋಗಿ, ಅಡುಗೆ ಮಾಡಿ, ಉಂಡು, ಪಾತ್ರೆ ತೊಳೆದು ವಾಪಸು ಬಂದಳು.

"ಒಂದು," ಅಂತು ಹುಣಸೆ.

"ಹಾಗಾದರೆ ಕಡಿದ ಮೇಲೂ ಹೇಗೆ ಬದುಕಿದ?" ಹುಂಜ ಕೆರಳಿತು. "ಆ ಜವರಪ್ಪನ ಭಾರ ತಡೀಲಿಲ್ಲ. ಆಗಲೇ ಕಸುವು ಇದ್ದಿದ್ದರೆ ಬೀಳ್ತಿದ್ದನಾ? ಬಿದ್ದ ಮೇಲೆ ಕದ್ದು ಕುಡಿದಿದ್ದಾನೆ! ಕೇಳಿ, ಜವರಪ್ಪನನ್ನೇ ಕೇಳಿ! ಬಿದ್ದವನು ಅವನೇ ಅಲ್ಲವಾ?"

ಎಲ್ಲರೂ ಜವರಪ್ಪನ ಕಡೆ ತಿರುಗಿದರು. ಜವರಪ್ಪನಿಗೆ ನಾಲ್ಕು ಜನರ ಮುಂದೆ ಮಾತಾಡಿ ಅಭ್ಯಾಸ ಇಲ್ಲ. ಪಂಚೆಯ ಅಂಚು ಹಿಡಿದು ತಿರುಚಿದ.

"ಬಿದ್ದದ್ದು ಹೌದು," ಅಂದ. "ಅವನ ಕೊಂಬೆಯಲ್ಲಿ ಗಟ್ಟಿ ಇಲ್ಲ, ಅದೂ ಹೌದು. ಎಮ್ಮೆ ಕರ್ಕೊಂಡು ಬಾ ಅಂದಿದ್ದ, ಅದು ಶುದ್ಧ ಸುಳ್ಳು."

ನುಗ್ಗೆಗಳು ತಲೆ ತಗ್ಗಿಸಿದವು.

"ನಾನೂ ಬಿದ್ದೆ, ಅವನೂ ಬಿದ್ದ," ಅಂದ ಜವರಪ್ಪ. "ನನ್ನನ್ನ ಚಾಪೆ ಮೇಲೆ ಮಲಗಿಸಿ ತುತ್ತು ಕೊಟ್ಟರು. ಅವನನ್ನ ಕೊಡಲಿಯಿಂದ ಕಡಿದು, ಒಲೆಗೆ ಹಾಕಿ, ನೆಲಕ್ಕೆ ಬಡಿದು, ಮೈ ಮೇಲೆ ಒದ್ದೆ ಬಟ್ಟೆ ಹಾಕಿದ್ರು. ಆದರೂ ನನಗಿಂತ ಮೊದಲು ಎದ್ದವನು ಅವನು. ಅವನನ್ನ ನೋಡಿ ಎದ್ದವನು ನಾನು. ಇದಕ್ಕೆ ನೀವು ಏನು ಹೆಸರು ಬೇಕಾದರೂ ಇಟ್ಕೊಳಿ. ನಾನಂತೂ ಕಸುವು ಅಂತೀನಿ."

ಹುಂಜ ಕೂಗೋಕೆ ಬಾಯಿ ತೆಗೆಯಿತು, ಮೊದಲಿನ ಹಾಗೆ ಒಂದು ಆಕಳಿಕೆ ಬಂತು.

ನೆಲದವ್ವ ನಕ್ಕಳು. ಅವಳು ನಕ್ಕರೆ ಬಯಲೇ ಸ್ವಲ್ಪ ಅಲುಗುತ್ತದೆ. "ಇವನು ಕುಡಿದದ್ದು ಒಂದೇ ಸೌಟು," ಅಂದಳು. "ನೀವೆಲ್ಲ ಒಂದೊಂದು ಕಡೆ ಇಟ್ಟು ಬೀಗ ಹಾಕಿದಿರಿ. ಇವನಿಗೆ ಇಡೋಕೆ ಪುರುಸೊತ್ತೇ ಆಗಲಿಲ್ಲ. ಅದು ಮೈಯೆಲ್ಲ ಅಲೆದಾಡ್ತಾ ಇತ್ತು. ಹಾಗಾಗಿ ಎಲ್ಲಿ ಕಡಿದರೂ ಅಲ್ಲಿ ಒಂದಿಷ್ಟು ಸಿಕ್ಕಿಹಾಕಿಕೊಂಡಿದೆ."

"ಅವ್ವ," ಅಂತು ನುಗ್ಗೆ, "ಈಗಲಾದರೂ ಒಂಚೂರು ಕೊಂಬೆಗೆ ಗಟ್ಟಿ ಕೊಡ್ತೀಯಾ?"

ನೆಲದವ್ವ ಸೌಟು ಎತ್ತಿ ತೋರಿಸಿದಳು. ನುಗ್ಗೆ ಬಾಯಿ ಮುಚ್ಚಿಕೊಂಡಿತು.

"ಗಟ್ಟಿ ಯಾಕೆ ಬೇಕು?" ಅಂದಳು ಮುದ್ದಜ್ಜಿ. "ಇನ್ನು ಮೇಲೆ ಈ ಮನೆಯಲ್ಲಿ ಯಾರೂ ನುಗ್ಗೆ ಹತ್ತೋದು ಬೇಡ. ಉದ್ದದ ಕೋಲಿಗೆ ಕೊಕ್ಕೆ ಕಟ್ಟಿ ಕೆಳಗೆ ನಿಂತು ಕಾಯಿ ಕೀಳೋದು." ಆಮೇಲೆ ಗಂಡನ ಕಡೆ ನೋಡಿ, "ಮೊಣಕಾಲಲ್ಲಿ ಎಷ್ಟೇ ಕಸುವಿದ್ದರೂ ಸರಿ," ಅಂತ ಸೇರಿಸಿದಳು.

"ಇವಳೊಬ್ಬಳು," ಅಂತ ಜವರಪ್ಪ ಗೊಣಗಿದ. ಅವನು ತಿರುಗಿ ಗೊಣಗಿದ್ದು ಕೇಳಿ ಮುದ್ದಜ್ಜಿಗೆ ಎಷ್ಟು ಖುಷಿಯಾಯಿತು ಅಂದರೆ, ಆ ದಿನ ನುಗ್ಗೆಸೊಪ್ಪಿನ ಸಾರಿಗೆ ಒಗ್ಗರಣೆಗೆ ಎರಡು ಹಿಡಿ ಬೆಳ್ಳುಳ್ಳಿ ಹಾಕಿದಳು. ಮನೆ ಮುಂದೆ ಹೋಗುತ್ತಿದ್ದ ಗಾಳಿ ಆ ವಾಸನೆ ಹಿಡಿದುಕೊಂಡು ಊರೆಲ್ಲ ತಿರುಗಿತು. ಸಂಜೆಯೊಳಗೆ ಊರಿನವರೆಲ್ಲ ಬಂದು, ನಮ್ಮನೆಗೂ ಒಂದು ಕೊಂಬೆ ಕೊಡಿ ಅಂತ ಕೇಳಿ ಮುರಿದುಕೊಂಡು ಹೋದರು. ಹೋದಲ್ಲೆಲ್ಲ ನುಗ್ಗೆ, "ನಾನು ನಾನು!" ಅಂತ ಎದ್ದು ನಿಂತಿತು.

ನಿನ್ನೆ ಹಾಲಿನ ಡೈರಿ ಹತ್ತಿರ, "ಬೇಲಿಯ ಗೂಟಕ್ಕೆ ಎಲೆ ಬಂದಿದೆ!" ಅಂತ ನೀನು ಕೈ ತೋರಿಸಿ ನಕ್ಕೆಯಲ್ಲ ಮಗಾ, ಆ ಗೂಟ ನುಗ್ಗೆಯದು.